ನಟಸಾಹೇಬರೂ ನಮ್ಮ ಮಾವನವರೂ

ತೀರಿಹೋಗಿ ಎಷ್ಟೋ ವರ್ಷವಾದ ನಟರೊಬ್ಬರ ಕಾರಣಕ್ಕೆ ನಮ್ಮ ಮನೆಯಲ್ಲಿ ವಾರಕ್ಕೆ ಎರಡು ಸಲವಾದರೂ ಚಹಾ ಆರಿ ತಣ್ಣಗಾಗುತ್ತದೆ. ಬೇರೆ ಮನೆಗಳಲ್ಲಿ ಅಡುಗೆಗೆ, ಹೊಲಕ್ಕೆ, ಸೊಸೆಯ ಮೊಬೈಲಿಗೆ ಜಗಳವಾಗುತ್ತದಂತೆ. ನಮ್ಮ ಇಚಲಕರಂಜಿಯಿಂದ ಹಿಡಿದು ಕೊಲ್ಹಾಪುರ, ಗಡಹಿಂಗ್ಲಜದವರೆಗೆ ನಟಸಾಹೇಬರ ಯಾವ ಸಿನೆಮಾ ಎಲ್ಲಕ್ಕಿಂತ ಮೇಲು ಎಂಬುದಕ್ಕೆ ಆಗುತ್ತದೆ.

ಅವರ ಹೆಸರು ಬರೆಯುವುದಿಲ್ಲ. ಇಲ್ಲಿ ಎಲ್ಲರೂ ನಟಸಾಹೇಬರು ಎಂದೇ ಅನ್ನುತ್ತಾರೆ, ಅಷ್ಟು ಸಾಕು. ಸಂಗೀತ ನಾಟಕದಲ್ಲಿ ಬೆಳೆದು, ಕೊಲ್ಹಾಪುರದಲ್ಲಿ ಕಪ್ಪು ಬಿಳುಪಿನ ಮರಾಠಿ ಚಿತ್ರಗಳನ್ನು ಮಾಡಿದವರು. ಒಂದರಲ್ಲಿ ರಾಜ, ಒಂದರಲ್ಲಿ ವಕೀಲ, ಒಂದರಲ್ಲಿ ಸಂತ. ಮೂರು ಚಿತ್ರಕ್ಕೆ ಮೂರು ಪಕ್ಷ. ನಾನು ಕಾಲೇಜಿನ ಗ್ರಂಥಪಾಲಕಿ, ಸದ್ದು ಮಾಡಬೇಡಿ ಎಂದು ಹೇಳಿ ಸಂಬಳ ತೆಗೆದುಕೊಳ್ಳುವವಳು. ಆದರೆ ಹುಟ್ಟಿದ ಮನೆ ರಾಜನ ಪಕ್ಷ, ಸೇರಿದ ಮನೆ ಸಂತನ ಪಕ್ಷ. ಸುಮ್ಮನಿರುವ ಭಾಗ್ಯ ನನಗಿಲ್ಲ.

ಅವರಿಬ್ಬರ ನಡುವಿನ ಮಾತು

ನಮ್ಮ ಮಾವನವರು ಸಂತನ ಪಕ್ಷದಲ್ಲಿರುವುದಕ್ಕೆ ಕಲೆಯ ಕಾರಣವೇನೂ ಇಲ್ಲ. ಆ ಚಿತ್ರದಲ್ಲಿ ಅವರೇ ಇದ್ದಾರೆ. ಹಾಗಂತ ಅವರು ಹೇಳುತ್ತಾರೆ.

ಹದಿನೆಂಟರ ವಯಸ್ಸಿನಲ್ಲಿ, ಇಚಲಕರಂಜಿಯ ಪಕ್ಕದ ತಮ್ಮೂರು ಶಹಾಪುರದಲ್ಲಿ ತಾವು ದುಡಿಯುತ್ತಿದ್ದ ಮಗ್ಗದ ಶೆಡ್ಡಿಗೆ ರಜೆ ಇದ್ದ ದಿನ, ಯಾರದೋ ಲಾರಿ ಹತ್ತಿ ಕೊಲ್ಹಾಪುರಕ್ಕೆ ಹೋಗಿದ್ದರಂತೆ. ಅಲ್ಲಿ ಗುಂಪಿನ ದೃಶ್ಯಕ್ಕೆ ಜನ ಬೇಕಾಗಿತ್ತು. ಸಂತ ಊರು ಬಿಟ್ಟು ಹೊರಡುವ ಕೊನೆಯ ದೃಶ್ಯದಲ್ಲಿ ಇವರನ್ನು ಸಂತನ ಬೆನ್ನ ಹಿಂದೆಯೇ ನಿಲ್ಲಿಸಿದರು. ಅಷ್ಟೇ ಅಲ್ಲ, ಚಿತ್ರ ತೆಗೆಯುವಾಗ ನಟಸಾಹೇಬರು ತಾವಾಗಿ ಇವರ ಜೊತೆ ಮಾತಾಡಿದರು.

"ಏನು ಮಾತಾಡಿದ್ರಿ ಮಾವಾ?" ಎಂದು ಮದುವೆಯಾಗಿ ಬಂದ ಹೊಸತರಲ್ಲಿ ಕೇಳಿದ್ದೆ.

"ಅದು ನಮ್ಮಿಬ್ಬರ ನಡುವಿನ ಮಾತು" ಎಂದು ಅವರು ಗಂಭೀರವಾಗಿ ಬೇರೆ ಕಡೆ ನೋಡಿದರು.

ಅತ್ತೆಯವರದು ಬೇರೆ ಮಾತು. ಅದೇ ಶೆಡ್ಡಿನಲ್ಲಿ ನೂಲಿನ ಕಾಂಡಿ ಸುತ್ತುತ್ತಿದ್ದವರು, ಅಲ್ಲಿಯೇ ಇವರ ಪರಿಚಯವಾಗಿ ಮದುವೆಯಾದವರು. ಲಗ್ನದ ಮೊದಲು ಈ ಕಥೆ ಕೇಳಿ ಮರುಳಾದದ್ದು ನಿಜ. ಆಮೇಲೆ ಚಿತ್ರ ಊರಿನ ಟೆಂಟಿಗೆ ಬಂತು. ತವರಿನವರನ್ನೆಲ್ಲ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂತರು. ಕೊನೆಯ ದೃಶ್ಯದಲ್ಲಿ ಸಂತ ಕಂಡ, ಗುಂಪು ಕಂಡಿತು, ಗಂಡನ ಮುಖ ಇರಬೇಕಾದ ಜಾಗದಲ್ಲಿ ಯಾರೋ ತಲೆಗೆ ಸುತ್ತಿದ್ದ ದೊಡ್ಡ ಪಟಕಾ ಕಂಡಿತು. ಅಣ್ಣತಮ್ಮಂದಿರು ನಕ್ಕ ನಗೆ ಅತ್ತೆಗೆ ಇನ್ನೂ ಮರೆತಿಲ್ಲ. ಅಂದಿನಿಂದ ಈ ಮಾತು ಬಂದಾಗಲೆಲ್ಲ ಅವರು ಹೇಳುವುದು ಒಂದೇ. "ಹೌದ, ಸಿನೆಮಾದಾಗ ಇವರು ಅದಾರ. ಪಟಕಾದ ಹಿಂದ ಅದಾರ. ದೇವರೂ ಹಂಗs, ಎಲ್ಲಾ ಕಡೆ ಇರತಾನ, ಕಾಣೂದಿಲ್ಲ."

ಕೆಡದ ಹುಡುಗ

ಗಡಹಿಂಗ್ಲಜದಲ್ಲಿ ನನ್ನ ಸೋದರಮಾವನ ಕಿರಾಣಿ ಅಂಗಡಿ. ಅವನು ರಾಜನ ಪಕ್ಷದ ಸೇನಾಪತಿ. ಬೆಲ್ಲ ಕಟ್ಟಿಕೊಡುತ್ತ ಕೊಡುತ್ತ ದರ್ಬಾರಿನ ದೃಶ್ಯವನ್ನು ಅಭಿನಯಿಸಿ ತೋರಿಸುತ್ತಾನೆ. ಅರ್ಜೆಂಟಿದ್ದವರು ಪಕ್ಕದ ಅಂಗಡಿಗೆ ಹೋಗುತ್ತಾರೆ.

ಅವನ ಮಗಳನ್ನು ನೋಡಲು ನಿಪ್ಪಾಣಿಯಿಂದ ಗಂಡಿನವರು ಬಂದರು. ಎಲ್ಲ ಸರಿಯಾಗಿ ನಡೆದಿತ್ತು. ಪೋಹೆ ಮುಗಿದು ಚಹಾ ಬರುವ ಹೊತ್ತಿಗೆ ಹುಡುಗನ ತಂದೆ, ಗೋಡೆಯ ಮೇಲಿದ್ದ ನಟಸಾಹೇಬರ ಫೋಟೋ ನೋಡಿ, ವಕೀಲನ ಪಾತ್ರದ ಮುಂದೆ ಬೇರೆಲ್ಲ ಸಪ್ಪೆ ಎಂದುಬಿಟ್ಟರು. ಅಲ್ಲಿಗೇ ನಿಲ್ಲಿಸಬಹುದಿತ್ತು. "ರಾಜನ ಪಾತ್ರದಾಗ ಬರೇ ಒದರ್ಯಾರ ನೋಡ್ರಿ" ಎಂದೂ ಸೇರಿಸಿದರು.

ಸೋದರಮಾವ ಕೈಯಲ್ಲಿದ್ದ ಎರಡನೆಯ ಪ್ಲೇಟ್ ಲಾಡುವನ್ನು ಹಾಗೇ ತಿರುಗಿ ಒಳಗೆ ಒಯ್ದ. ಹೊರಗೆ ಬಂದು, ಹುಡುಗಿಗೆ ಇನ್ನೂ ಓದುವುದಿದೆ, ಈಗಲೇ ಲಗ್ನದ ವಿಚಾರವಿಲ್ಲ ಎಂದ. ಹುಡುಗಿ ಎಂ.ಎ., ಬಿ.ಎಡ್. ಮುಗಿಸಿ ಮೂರು ವರ್ಷದಿಂದ ಸಾಲೆಯಲ್ಲಿ ಬೇರೆಯವರನ್ನು ಓದಿಸುತ್ತಿದ್ದಳು. ಅವಳು ಬಾಗಿಲ ಹಿಂದಿನಿಂದ ತಾಯಿಯನ್ನು ನೋಡಿದಳು, ತಾಯಿ ನನ್ನನ್ನು ನೋಡಿದಳು, ನಾನು ನಟಸಾಹೇಬರ ಫೋಟೋ ನೋಡಿದೆ.

ಗಂಡಿನವರು ಚಪ್ಪಲಿ ಹುಡುಕುತ್ತಿದ್ದಾಗ ಸೋದರಮಾವ ತಡೆಯಲಾರದೆ ಹುಡುಗನನ್ನೇ ಕೇಳಿದ, ನಿಮ್ಮ ಅಭಿಪ್ರಾಯವೇನು ಎಂದು.

ಹುಡುಗ ಸಂಕೋಚದಿಂದ, "ನಾ ಅವರ್ದು ಒಂದೂ ಸಿನೆಮಾ ನೋಡಿಲ್ರಿ ಮಾಮಾ" ಎಂದ.

ಸೋದರಮಾವನ ಮುಖ ಅರಳಿತು. ಒಳಗೆ ಬಂದು ಹೆಂಡತಿಗೆ ಹೇಳಿದ, "ಹುಡುಗ ಚಲೋ ಅದಾನ, ಇನ್ನಾ ಕೆಟ್ಟಿಲ್ಲ. ಲಾಡು ತಗೊಂಡ ಬಾ."

ಇಂಜೆಕ್ಷನ್ ಕೊಟ್ಟು ಗೆದ್ದದ್ದು

ನಟಸಾಹೇಬರ ಅಭಿಮಾನಿಗಳ ಒಂದು ಸಣ್ಣ ಚಿತ್ರಮಂಡಳಿ ಇದೆ. ಅಧ್ಯಕ್ಷರು ಕೊಲ್ಹಾಪುರದ ಹಲ್ಲಿನ ಡಾಕ್ಟರು, ವಕೀಲನ ಪಕ್ಷದವರು. ಕಾರ್ಯದರ್ಶಿ ನಾನು, ಏಕೆಂದರೆ ಸಭೆಗೆ ನಮ್ಮ ಗ್ರಂಥಾಲಯದ ಕೋಣೆ ಪುಕ್ಕಟೆ ಸಿಗುತ್ತದೆ.

ಒಮ್ಮೆ ದವಡೆ ಹಲ್ಲು ನೋಯುತ್ತಿದೆ ಎಂದು ಅವರಲ್ಲಿಗೆ ಹೋದೆ. ಬಾಯಿ ತೆರೆಸಿ, ಹತ್ತಿ ತುರುಕಿ, ನೀರು ಹೀರುವ ನಳಿಕೆ ಸಿಕ್ಕಿಸಿ, ಡಾಕ್ಟರು ವಕೀಲನ ಚಿತ್ರದ ಕೋರ್ಟ್ ದೃಶ್ಯದ ಬಗ್ಗೆ ಮಾತು ಶುರುಮಾಡಿದರು. ಆ ವಕೀಲ ಕನ್ನಡಕ ತೆಗೆದು ಒರೆಸುವ ಒಂದು ಕ್ಷಣಕ್ಕೆ ರಾಜನ ಇಡೀ ದರ್ಬಾರು ಸಮವಲ್ಲ, ಸಂತನದಂತೂ ಬಿಡಿ, ಅದರಲ್ಲಿ ಸುಮ್ಮನೆ ನಿಲ್ಲುವುದು ಬಿಟ್ಟು ಏನಿದೆ ಎಂದರು. ಹುಟ್ಟಿದ ಮನೆಗೂ ಸೇರಿದ ಮನೆಗೂ ಒಂದೇ ಉಸಿರಿನಲ್ಲಿ ಅವಮಾನ. ನನಗೆ ಬಾಯಿಲ್ಲ. ವಿರೋಧ ಸೂಚಿಸಲು ಕೈ ಎತ್ತಿದೆ.

ಡಾಕ್ಟರು ಕೂಡಲೇ ಕರಗಿದರು. "ಇನ್ನಾ ನೋವ ಆಗಾಕತ್ತೈತೇನ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಇನ್ನೊಂದು ಇಂಜೆಕ್ಷನ್ ಚುಚ್ಚಿದರು.

ವಾದದಲ್ಲಿ ಸೋಲುವುದು ನನಗೆ ಹೊಸದಲ್ಲ. ಸೋತ ಮೇಲೆ ಸಂಜೆಯವರೆಗೆ ತುಟಿಯೇ ಅಲುಗದಂತೆ ಸೋತದ್ದು ಅದೇ ಮೊದಲು.

ಡಾಕ್ಟರ ಲೆಕ್ಕಾಚಾರ

ಈ ವರ್ಷ ನಟಸಾಹೇಬರು ಹುಟ್ಟಿ ನೂರು ವರ್ಷ. ಕೊಲ್ಹಾಪುರದಲ್ಲಿ ಸಭಾಗೃಹ ಹಿಡಿದು ಒಂದು ಚಿತ್ರ ತೋರಿಸುವುದೆಂದು ಮಂಡಳಿ ಠರಾಯಿಸಿತು. ಯಾವುದು? ಚೀಟಿ ಹಾಕಿ ಆರಿಸುವುದೆಂದಾಯಿತು.

ಅದೇ ಹೊತ್ತಿಗೆ ಸಂತನ ಚಿತ್ರದ ಹಳೆಯ ರೀಲು ಯಾರದೋ ಅಟ್ಟದಲ್ಲಿ ಸಿಕ್ಕು, ಸ್ವಚ್ಛ ಮಾಡಿಸಿದ ಹೊಸ ಪ್ರತಿ ಬಂದಿದೆ ಎಂದು ತಿಳಿಯಿತು. ಮುಖಗಳು ಕನ್ನಡಿಯಲ್ಲಿ ಕಂಡಂತೆ ಕಾಣುತ್ತವಂತೆ. ಇದನ್ನು ಕೇಳಿದ ದಿನದಿಂದ ಮಾವನವರು ಊಟ ಮರೆತರು. ಎಪ್ಪತ್ತೆಂಟು ದಾಟಿದ್ದಾರೆ, ಮತ್ತೊಂದು ಅವಕಾಶ ಬರುವುದಿಲ್ಲ. "ಹೊಸ ಕಾಪಿಯೊಳಗ ಪಟಕಾದ ಬಾಜೂಕ ನನ್ನ ಮಾರಿ ಒಂದೀಟರ ಕಂಡೀತು" ಎಂದು ನನ್ನೆದುರು ಮೆಲ್ಲಗೆ ಹೇಳಿದಾಗ ನಗು ಬರಲಿಲ್ಲ. ಇಷ್ಟು ವರ್ಷ ಸುಳ್ಳುಗಾರನೆಂದು ಅನ್ನಿಸಿಕೊಂಡು ಬದುಕಿದ ಮನುಷ್ಯ.

ಮಾವನವರು ಸುಮ್ಮನೆ ಕೂರಲಿಲ್ಲ. ಪಕ್ಕದ ಊರು ಕೊರೋಚಿಗೆ ಹೋಗಿ, ತಮ್ಮ ಜೊತೆ ಮಗ್ಗ ನಡೆಸಿದ ಮೂವರು ಗೆಳೆಯರನ್ನು ಮಂಡಳಿಗೆ ಸದಸ್ಯರನ್ನಾಗಿ ಮಾಡಿಸಿ, ಸಭೆಗೆ ಕರೆತಂದರು. ಡಾಕ್ಟರಿಗೆ ಸಿಟ್ಟು ಬಂತು. ಅಷ್ಟರಲ್ಲಿ ಅತ್ತೆಯವರು, ಮಾವನವರು ಮನೆಯಲ್ಲೇ ಮರೆತಿದ್ದ ಗುಳಿಗೆ ಕೊಡಲು ಅಲ್ಲಿಗೆ ಬಂದರು. ಡಾಕ್ಟರ ಕಣ್ಣು ಹೊಳೆಯಿತು. ಈ ಸಂತನ ಚಿತ್ರದ ವಿಷಯದಲ್ಲಿ ಗಂಡನನ್ನು ಇವರಷ್ಟು ಬಯ್ಯುವವರು ಜಿಲ್ಲೆಯಲ್ಲೇ ಇಲ್ಲವೆಂದು ಅವರಿಗೆ ಗೊತ್ತು. "ಮಾವಶಿ, ನೀವೂ ಸದಸ್ಯರಾಗ್ರಿ, ಕುಂಡ್ರಿ" ಎಂದು ಕುರ್ಚಿ ಎಳೆದು ತಾವೇ ಚೀಟಿ ಕೊಟ್ಟರು.

ಎಣಿಸಿದವಳು ನಾನು. ವಕೀಲನಿಗೆ ನಾಲ್ಕು. ರಾಜನಿಗೆ, ನನ್ನದೂ ಸೇರಿ, ಐದು. ಸಂತನಿಗೆ ಐದು. ಉಳಿದದ್ದು ಒಂದೇ ಚೀಟಿ. ಬಿಚ್ಚಿದರೆ ಅತ್ತೆಯವರ ದಪ್ಪ ಅಕ್ಷರದಲ್ಲಿ ಸಂತ.

ಮಾವನವರ ಕಣ್ಣು ತುಂಬಿತು. ಡಾಕ್ಟರು ಗರಬಡಿದವರಂತೆ ಅತ್ತೆಯನ್ನು ನೋಡಿದರು.

"ಊರ ಮಂದಿ ಮುಂದ ಒಮ್ಮೆ ನೋಡೇಬಿಡೂಣ್ರಿ ಡಾಕ್ಟರ್ರ" ಎಂದು ಅತ್ತೆ ಸೆರಗು ಸರಿಮಾಡಿಕೊಂಡರು. "ಮನಿಯೊಳಗ ಬೈದ ಬೈದ ನನಗ ಸಾಕಾಗೇತಿ."

ಸಂತ ಯಾಕೆ ನಿಂತ

ಪ್ರದರ್ಶನದ ದಿನ ಮಾವನವರು ಲಗ್ನದ ಕೋಟು ಹಾಕಿಕೊಂಡರು. ಗುಂಡಿ ಹಾಕಲು ಬರುತ್ತಿರಲಿಲ್ಲ, ತೆರೆದೇ ಬಿಟ್ಟರು. ಮುಂದಿನ ಸಾಲಿನಲ್ಲಿ ಅವರು, ಅತ್ತೆ, ನಾನು. ಬೆನ್ನ ಹಿಂದೆ ಕೊರೋಚಿಯ ಮೂವರು.

ಮೊದಲು ನಿವೃತ್ತ ಪ್ರಾಧ್ಯಾಪಕರೊಬ್ಬರ ಭಾಷಣ. ಈ ಚಿತ್ರದ ಕೊನೆಯ ದೃಶ್ಯದ ಮೇಲೆಯೇ ಅವರು ಒಂದು ಪುಸ್ತಕ ಬರೆದಿದ್ದಾರೆ. ಸಂತ ಊರು ಬಿಟ್ಟು ಹೊರಡುತ್ತಾನೆ, ಒಂದು ಹೆಜ್ಜೆ ಇಟ್ಟು ಗಕ್ಕನೆ ನಿಲ್ಲುತ್ತಾನೆ. ಒಂದು ಕೈ ಹೊಟ್ಟೆಯ ಮೇಲೆ ಬಿಗಿಯಾಗಿ ಹೋಗುತ್ತದೆ. ಕಣ್ಣು ತುಂಬುತ್ತವೆ, ತುಟಿ ಅಲುಗುತ್ತವೆ. ಮಾತು ಕೇಳಿಸುವುದಿಲ್ಲ, ಬರೀ ವೀಣೆ. ಸಂತನನ್ನು ಹಿಡಿದು ನಿಲ್ಲಿಸಿದ್ದು ಮಾಯೆ, ಹೊಟ್ಟೆಯ ಮೇಲಿನ ಕೈ ಹೆತ್ತ ಊರಿನ ಕರುಳಬಳ್ಳಿಯ ನೋವು, ತುಟಿಯ ಮೇಲಿನದು ಲೋಕಕ್ಕೆ ಕೇಳಿಸಬಾರದ ಪ್ರಾರ್ಥನೆ ಎಂದು ಪ್ರಾಧ್ಯಾಪಕರು ವಿವರಿಸಿದರು. ಇಂಥ ನಿಲುವು ಭಾರತೀಯ ಚಿತ್ರರಂಗದಲ್ಲೇ ಇನ್ನೊಂದಿಲ್ಲ ಎಂದರು. ಡಾಕ್ಟರೂ ತಲೆದೂಗಿದರು.

ಚಿತ್ರ ನಡೆಯಿತು. ಕೊನೆಯ ದೃಶ್ಯ ಬಂತು. ಮಾವನವರು ಕುರ್ಚಿಯ ತುದಿಗೆ ಬಂದರು. ಹೊಸ ಪ್ರತಿ ನಿಜಕ್ಕೂ ಸ್ವಚ್ಛವಾಗಿತ್ತು. ಪಟಕಾದ ಒಂದೊಂದು ಮಡಿಕೆಯೂ ಎಣಿಸುವಷ್ಟು ಚೆನ್ನಾಗಿ ಕಾಣುತ್ತಿತ್ತು. ಅದರ ಹಿಂದೆ ಏನೂ ಕಾಣಲಿಲ್ಲ.

ದೀಪ ಹತ್ತಿತು. ಮಾವನವರು ಎದ್ದು ನಿಂತು, ಆ ಪಟಕಾದ ಹಿಂದೆ ಇದ್ದದ್ದು ನಾನೇ, ಸಾಹೇಬರು ನನ್ನ ಜೊತೆ ಮಾತಾಡಿದ್ದಾರೆ ಎಂದು ಹೇಳಿಯೇಬಿಟ್ಟರು. ಸಭೆ ನಕ್ಕಿತು. ಕೆಟ್ಟ ನಗೆಯೇನಲ್ಲ, ಮುದುಕರ ಮಾತಿಗೆ ನಗುವ ನಗೆ. ಅದೇ ಹೆಚ್ಚು ಚುಚ್ಚಿತು. ಅವರು ಕೂತು ಕೋಟಿನ ಅಂಚನ್ನು ತಿಕ್ಕತೊಡಗಿದರು. ಅತ್ತೆ ಅವರ ಕಡೆ ನೋಡಿದರು. ಬಯ್ಯಲಿಲ್ಲ.

ಪ್ರಾಧ್ಯಾಪಕರು, ಆ ಪ್ರಾರ್ಥನೆಯ ಕ್ಷಣವನ್ನು ಇನ್ನೊಮ್ಮೆ ನೋಡೋಣ, ಈ ಸಲ ಸಂತನ ಮುಖವನ್ನೇ ದೊಡ್ಡದು ಮಾಡಿ ತೋರಿಸಿ, ವೀಣೆಯೂ ಬೇಡ, ಸದ್ದು ನಿಲ್ಲಿಸಿ ಎಂದರು. ಪರದೆಯ ತುಂಬ ಸಂತನ ಮುಖ ಬಂತು. ತುಟಿ ಅಲುಗಿದವು.

ಮಗ್ಗದ ಶೆಡ್ಡಿನ ಒಳಗೆ ಹೋಗಿ ಬಂದವರಿಗೆ ಗೊತ್ತು. ಅಲ್ಲಿ ಕಿವಿಯಲ್ಲಿ ಕೂಗಿದರೂ ಕೇಳಿಸುವುದಿಲ್ಲ. ದಾರ ಹರಿದದ್ದು, ಊಟದ ಹೊತ್ತು, ಯಾರ ಮನೆಯಲ್ಲಿ ಏನಾಯಿತು, ಎಲ್ಲವನ್ನೂ ಆ ತುದಿಯಿಂದ ಈ ತುದಿಗೆ ತುಟಿ ನೋಡಿಯೇ ತಿಳಿದುಕೊಳ್ಳಬೇಕು. ಅತ್ತೆಯವರು ಮೂವತ್ತು ವರ್ಷ ಹಾಗೆ ಮಾತಾಡಿದವರು.

"ಅಯ್ಯ" ಎಂದರು ಅತ್ತೆ. "ಪ್ರಾರ್ಥನಾ ಎಲ್ಲೀದು?"

ಸದ್ದಿಲ್ಲದ ಸಭಾಗೃಹಕ್ಕೆಲ್ಲ ಅದು ಕೇಳಿಸಿತು. ಪ್ರಾಧ್ಯಾಪಕರು ಏನೆಂದಿರಿ ಎಂದು ಕೇಳಿದರು. ಅತ್ತೆ ಎದ್ದು ನಿಂತು, ಪರದೆಯಿಂದ ಕಣ್ಣು ತೆಗೆಯದೆ ಓದಿ ಹೇಳಿದರು.

"'ಶಹಾಪೂರಕರ, ಪಾಯ ಕಾಢಾ. ಧೋತರ ಸುಟತಂಯ.' ಹಂಗ ಅನ್ನಾಕತ್ತಾರ್ರಿ. ಶಹಾಪುರದವರ, ಕಾಲ ತಗೀರಿ, ಧೋತರ ಬಿಚ್ಚಾಕತ್ತೈತಿ ಅಂತ."

ಹಿಂದಿನ ಸಾಲಿನಲ್ಲಿ ಕೊರೋಚಿಯ ಮೂವರೂ ಒಟ್ಟಿಗೆ ತಲೆಯಾಡಿಸಿದರು. ಒಬ್ಬರು, ಹೌದ್ರಿ, ನಾವೂ ಅದನ್ನೇ ಓದಿದೆವು, ದೊಡ್ಡವರ ಮಾತೆಂದು ಸುಮ್ಮನಿದ್ದೆವು ಎಂದರು. ಮತ್ತೊಮ್ಮೆ ಇಡೀ ದೃಶ್ಯ ಹಾಕಿಸಿದರು. ಈಗ ಎಲ್ಲರೂ ಕೆಳಗೆ ನೋಡಿದರು. ಸಂತನ ಧೋತರದ ಚುಂಗಿನ ಮೇಲೆ, ಪಟಕಾದವನ ಹಿಂದಿನಿಂದ ಬಂದ ಒಂದು ಕಾಲು ಗಟ್ಟಿಯಾಗಿ ಊರಿತ್ತು. ಹೊಟ್ಟೆಯ ಮೇಲಿನ ಕೈ ಗಂಟನ್ನು ಬಿಗಿಹಿಡಿದಿತ್ತು.

ಅತ್ತೆ ಗಂಡನ ಕಡೆ ತಿರುಗಿ, ಅಲ್ಲಿ ನಿಮ್ಮನ್ನು ಹೆಸರಿನಿಂದ ಕರೆಯುತ್ತಿದ್ದರೋ ಊರಿನಿಂದಲೋ ಎಂದು ಕೇಳಿದರು.

"ಊರ ಹೆಸರಿಲೇ ಕರೀತಿದ್ರು" ಎಂದರು ಮಾವನವರು, ತಲೆ ಬಗ್ಗಿಸಿ. "ಶಹಾಪುರದಾಂವ ನಾ ಒಬ್ಬನs ಇದ್ನಿ. ಬೈಸ್ಕೊಂಡಿದ್ದು ಹೆಂಗ ಹೇಳಬೇಕು ಅಂತ ಹೇಳಿದ್ದಿಲ್ಲ."

ಸಭೆ ಎದ್ದು ಚಪ್ಪಾಳೆ ತಟ್ಟಿತು. ಮಾವನವರು ಕೋಟಿನ ಎರಡೂ ಅಂಚು ಹಿಡಿದು ನಾಲ್ಕೂ ದಿಕ್ಕಿಗೆ ಬಾಗಿ ನಮಸ್ಕಾರ ಮಾಡಿದರು. ಅತ್ತೆಯವರ ಮುಖ ನಾನು ನೋಡಿದೆ. ಟೆಂಟಿನಲ್ಲಿ ನಕ್ಕ ಅಣ್ಣತಮ್ಮಂದಿರಲ್ಲಿ ಒಬ್ಬರಾದರೂ ಇಂದು ಇಲ್ಲಿ ಇರಬೇಕಿತ್ತು ಎಂಬಂಥ ಮುಖ.

ವೇದಿಕೆಯ ಮೇಲೆ ಪ್ರಾಧ್ಯಾಪಕರು ಒಬ್ಬರೇ ಉಳಿದಿದ್ದರು, ಕೈಯಲ್ಲಿ ತಮ್ಮ ಪುಸ್ತಕ. ಏನಾದರೂ ಉಳಿಸಿಕೊಳ್ಳಲೇಬೇಕಿತ್ತು. ಗಂಟಲು ಸರಿಪಡಿಸಿಕೊಂಡು, ತುಟಿಯ ಮಾತು ಏನೇ ಇರಲಿ, ಸಂತನನ್ನು ಹಿಂದಿನಿಂದ ಯಾವುದೋ ಶಕ್ತಿ ಹಿಡಿದು ನಿಲ್ಲಿಸಿತ್ತು ಎಂಬುದಂತೂ ಸುಳ್ಳಲ್ಲವಲ್ಲ, ಅದು ಮಾಯೆಯೇ ಅಲ್ಲವೇ ಎಂದು ಕೇಳಿದರು.

ಅತ್ತೆಯವರು ಸೆರಗು ತಲೆಯ ಮೇಲೆ ಎಳೆದುಕೊಂಡು ಮರ್ಯಾದೆಯಿಂದ ಹೇಳಿದರು:

"ಮಾಯಾ ಅಲ್ರಿ ಸರ, ನಮ್ಮ ಮನ್ಯಾರು."