ಹೊಲಿಗೆ ನೋಡಲು ಬಂದವರು

ಮೆಟ್ಟಿಲ ಮೇಲೆ ಏದುಸಿರು ಬಿಡುತ್ತ ಕುಳಿತಿದ್ದ ಅಜ್ಜಿಯ ಬಿ.ಪಿ. ನೋಡಿದ್ದೇ ಸಿಸ್ಟರ್ ಮಾಡಿದ ತಪ್ಪು. ಎರಡು ನಿಮಿಷದ ಉಪಕಾರ. ಆದರೆ ಆ ಅಜ್ಜಿಗೆ ಕಾಲಿನಲ್ಲಿ ಇಲ್ಲದ ತ್ರಾಣವೆಲ್ಲ ಬಾಯಿಯಲ್ಲಿತ್ತು. ಬೆಳಿಗ್ಗೆ ಹತ್ತು ಗಂಟೆಯೊಳಗೆ ಸುದ್ದಿ ಇಡೀ ಕಟ್ಟಡವನ್ನು ಹತ್ತಿ ಇಳಿದಿತ್ತು: ಎರಡನೇ ಮಹಡಿಯ ಪೋಸ್ಟ್ ಮಾಸ್ಟರ ಮನೆಗೆ ನರ್ಸ್ ಬಂದಿದ್ದಾಳೆ, ಕೈಗುಣ ಒಳ್ಳೆಯದು, ಕೇಳಿದವರಿಗೆಲ್ಲ ನೋಡುತ್ತಾಳೆ.

ನಿವೃತ್ತ ಪೋಸ್ಟ್ ಮಾಸ್ಟರು ಮಂಡಿಯ ಆಪರೇಷನ್ ಮುಗಿಸಿಕೊಂಡು ಹಿಂದಿನ ಸಂಜೆಯಷ್ಟೇ ಮನೆಗೆ ಬಂದಿದ್ದರು. ಗಾಯ ತೊಳೆದು ಬ್ಯಾಂಡೇಜ್ ಬದಲಿಸುವುದು, ವಾಕರ್ ಹಿಡಿಸಿ ಹತ್ತು ಹೆಜ್ಜೆ ನಡೆಸುವುದು ಸಿಸ್ಟರ್ ಕೆಲಸ. ಎಲ್ಲಕ್ಕಿಂತ ಮುಖ್ಯವಾಗಿ ಗಾಯಕ್ಕೆ ಕೀವು ಹಿಡಿಯಬಾರದು. ಹಿಡಿದರೆ ಮತ್ತೆ ಆಸ್ಪತ್ರೆ, ಮತ್ತೆ ಕತ್ತರಿ. ಮಾಸ್ಟರು ಸಾಧು ಮನುಷ್ಯ. ನಲವತ್ತು ವರ್ಷ ಕೌಂಟರಿನ ಹಿಂದೆ ಕುಳಿತು ಎಲ್ಲರ ಮಾತಿಗೂ ತಲೆಯಾಡಿಸಿ ‘ಬೇಡ’ ಎನ್ನುವ ಪದವನ್ನೇ ಮರೆತಿದ್ದರು.

ಸಿಸ್ಟರ್ ಕೈತೊಳೆದು, ಕೈಗವಸು ಹಾಕಿ, ಮೊದಲ ಡ್ರೆಸ್ಸಿಂಗ್ ಪೊಟ್ಟಣ ಬಿಚ್ಚಿ, ಹಳೆಯ ಬ್ಯಾಂಡೇಜ್ ತೆಗೆಯುವಷ್ಟರಲ್ಲಿ ಬಾಗಿಲು ತಾನಾಗಿ ತೆರೆದುಕೊಂಡಿತು. ಪಕ್ಕದ ಮನೆಯ ದರ್ಜಿ.

“ಏನ್ ಮಾಸ್ಟ್ರೇ, ಹೇಗಿದೆ ಕಾಲು?” ಎನ್ನುತ್ತ ನೇರ ಬಂದು ಮಂಡಿಯ ಮೇಲೆ ಬಗ್ಗಿದ. ಕೊರಳಲ್ಲಿದ್ದ ಅಳತೆ ಟೇಪು ಜಾರಿ ಬಿಚ್ಚಿಟ್ಟ ಹತ್ತಿಯ ಮೇಲೆ ಹಾವಿನಂತೆ ಮಲಗಿತು. “ಇದ್ಯಾವ ಸೀಮೆ ಹೊಲಿಗೆ ರೀ! ಇಷ್ಟು ದೂರ ದೂರ ಹಾಕಿದ್ರೆ ನನ್ನ ಗಿರಾಕಿ ಬಟ್ಟೆನ ನನ್ನ ಮುಖಕ್ಕೇ ಎಸೀತಾನೆ.”

“ಟೇಪ್ ತೆಗೀರಿ!” ಎಂದು ಸಿಸ್ಟರ್ ಚೀರಿದಳು. ಪೊಟ್ಟಣ ಕಸದ ಬುಟ್ಟಿ ಸೇರಿತು. ಉಳಿದದ್ದು ಎರಡು.

ಎರಡನೆಯದನ್ನು ಬಿಚ್ಚುವಾಗ ಕೆಳಗಿನ ಮನೆಯ ಗುಮಾಸ್ತ ಬಟ್ಟಲಲ್ಲಿ ಬಿಸಿ ಎಣ್ಣೆ ಹಿಡಿದು ಬಂದ. ಇಪ್ಪತ್ತು ವರ್ಷದ ಹಿಂದೆ ಅವನ ಕಾಲು ಉಳುಕಿದ್ದಾಗ ಇದೇ ಎಣ್ಣೆಯಲ್ಲಿ ವಾಸಿಯಾಗಿತ್ತಂತೆ.

“ಅಣ್ಣಾ, ಅದು ಉಳುಕು. ಇದು ಆಪರೇಷನ್,” ಎಂದಳು ಸಿಸ್ಟರ್, ಹಲ್ಲು ಕಚ್ಚಿ.

“ಎರಡೂ ಕಾಲೇ ತಾನೇ ತಾಯಿ? ನಾಲ್ಕೇ ತೊಟ್ಟು ಹಾಕ್ತೀನಿ.”

“ಒಂದು ತೊಟ್ಟೂ ಬೇಡ!”

“ಇರ್ಲಿ ಬಿಡಿ ಸಿಸ್ಟರ್, ಪಾಪ, ಅಷ್ಟು ದೂರದಿಂದ ತಂದಿದ್ದಾರೆ,” ಎಂದರು ಮಾಸ್ಟರು ಮೆಲ್ಲಗೆ.

ಅಷ್ಟರಲ್ಲಿ ಬಿ.ಪಿ. ನೋಡಿಸಲು ಆರು ಜನ ಬಂದರು. ನಾಲ್ವರು ಸೋಫಾ ತುಂಬಿದರು, ಉಳಿದ ಇಬ್ಬರು ರೋಗಿಯ ಮಂಚದ ತುದಿಯಲ್ಲೇ ಕೂತರು. ಮಂಚ ಅಲುಗಿತು, ಗುಮಾಸ್ತನ ಮೊಣಕೈಗೆ ತಗಲಿತು, ಎಣ್ಣೆ ಎರಡನೇ ಪೊಟ್ಟಣಕ್ಕೆ ಅಭ್ಯಂಜನ ಮಾಡಿಸಿತು. ಮಾಸ್ಟರ ಹೆಂಡತಿ ಹೊಸ ಪೊಟ್ಟಣ ತರಲು ಔಷಧಿ ಅಂಗಡಿಗೆ ಓಡಿದರು.

ಸಿಸ್ಟರ್‌ಗೆ ತಾಳ್ಮೆಯ ಕಟ್ಟೆ ಒಡೆಯಿತು. ಕೈಗವಸು ಕಿತ್ತೆಸೆದು, ವಾಕರನ್ನೇ ಎತ್ತಿ ಹಿಡಿದಳು.

“ಎಲ್ಲಾ ಆಚೆ! ಈಗಿಂದೀಗ್ಲೇ! ಈ ಗಾಯ ತೆರೆದು ಅರ್ಧ ಗಂಟೆ ಆಯ್ತು!”

ಕೋಳಿ ಅಟ್ಟುವಂತೆ ಅಟ್ಟಿದಳು. ದರ್ಜಿ ಹೋದ, ಗುಮಾಸ್ತ ಹೋದ, ಬಿ.ಪಿ.ಯವರೆಲ್ಲ ತಮ್ಮ ಬಿ.ಪಿ. ಏರಿಸಿಕೊಂಡೇ ಹೋದರು. ಬಾಗಿಲಿಗೆ ಚಿಲಕ ಬಿತ್ತು.

“ಮಾಸ್ಟ್ರೇ, ಇದು ಕೊನೇ ಪೊಟ್ಟಣ. ಮುಗಿಯೋವರೆಗೂ ನೀವು ತುಟಿ ಪಿಟಿಕ್ ಅನ್ನಬಾರದು. ಯಾರನ್ನೂ ಕರೀಬಾರದು.”

ಮಾಸ್ಟರು ತಲೆಯಾಡಿಸಿದರು.

ಸಿಸ್ಟರ್ ಮತ್ತೆ ಕೈತೊಳೆದು ಹೊಸ ಕೈಗವಸು ಹಾಕಿ ಗಾಯ ಶುಚಿಮಾಡತೊಡಗಿದಳು. ಕರೆಗಂಟೆ ಮೊಳಗಿತು. ಅವಳು ಕದಲಲಿಲ್ಲ. ಮತ್ತೆ ಮೊಳಗಿತು. ಹೊರಗೆ ಹೆಂಗಸೊಬ್ಬಳ ದನಿ: “ಬಾಗಿಲು ತೆಗೀರಮ್ಮ. ಮಂಡಿ ಹೇಗಿದೆ ನೋಡ್ತೀನಿ. ಬ್ಯಾಂಡೇಜ್ ತುಂಬಾ ಬಿಗಿ ಕಟ್ಟಬೇಡಿ.”

“ನೀವೂ ಹೇಳೋಕೆ ಬಂದ್ರಾ?” ಎಂದು ಸಿಸ್ಟರ್ ಒಳಗಿನಿಂದಲೇ ಕೂಗಿದಳು.

“ನಾನು ಡಾಕ್ಟರು ಕಣಮ್ಮ!”

“ಗೊತ್ತು ಗೊತ್ತು! ಈ ಕಟ್ಟಡದಲ್ಲಿ ಯಾರು ಡಾಕ್ಟರಲ್ಲ ಹೇಳಿ? ದರ್ಜಿ ಸರ್ಜನ್ನು, ಗುಮಾಸ್ತ ಮೂಳೆ ತಜ್ಞ! ಕೆಳಗೆ ಹೋಗಿ ಎಲ್ಲಾ ಸೇರಿ ಒಂದು ಆಸ್ಪತ್ರೆ ಇಟ್ಕೊಳ್ಳಿ! ಪೇಶೆಂಟ್ ಹತ್ರ ಮಾತ್ರ ಯಾರನ್ನೂ ಬಿಡಲ್ಲ!”

ಹೊರಗೆ ಹೆಜ್ಜೆಗಳು ಮೆಟ್ಟಿಲಿಳಿದವು.

ಬ್ಯಾಂಡೇಜಿನ ಕೊನೆಯ ಸುತ್ತು ಮುಗಿಯಿತು. ಅಂದವಾದ, ಸುಕ್ಕಿಲ್ಲದ ಬ್ಯಾಂಡೇಜ್. ಸಿಸ್ಟರ್ ಬೆಳಗಿನಿಂದ ಮೊದಲ ಸಲ ನೆಮ್ಮದಿಯ ಉಸಿರುಬಿಟ್ಟಳು.

“ಇನ್ನು ಮಾತಾಡಬಹುದಾ?” ಮಾಸ್ಟರು ಕೇಳಿದರು. “ಆ ದನಿ ನನಗೆ ಗೊತ್ತು ಸಿಸ್ಟರ್. ಆಪರೇಷನ್ ಕೋಣೇಲಿ ‘ಹೆದರಬೇಡಿ ಮಾಸ್ಟ್ರೇ’ ಅಂದಿದ್ದು ಅವರೇ. ನಮ್ಮ ಡಾಕ್ಟರಮ್ಮ. ನಾಳೆ ಬರ್ತೀನಿ ಅಂದಿದ್ರು, ಇವತ್ತೇ ಬಂದುಬಿಟ್ಟಿದ್ದಾರೆ.”

“ಅಯ್ಯೋ! ಆಗಲೇ ಹೇಳಬಾರದಿತ್ತಾ?”

“ತುಟಿ ಪಿಟಿಕ್ ಅನ್ನಬಾರದು ಅಂದಿದ್ರಲ್ಲಮ್ಮ.”

ಸಿಸ್ಟರ್ ಕುರ್ಚಿಯಲ್ಲಿ ಕುಸಿದಳು. ಹೋದ ತಿಂಗಳು ರೋಗಿಯೊಬ್ಬರ ಭಾವನನ್ನು ಗದರಿದ್ದಕ್ಕೆ ನರ್ಸುಗಳನ್ನು ಮನೆಮನೆಗೆ ಕಳಿಸುವ ಆಫೀಸಿನ ಮೇಡಂ ಎಚ್ಚರಿಕೆ ಕೊಟ್ಟಿದ್ದರು: ಇನ್ನೊಂದು ದೂರು ಬಂದರೆ ಕೆಲಸಕ್ಕೆ ನಮಸ್ಕಾರ. ಕಿಟಕಿಯಿಂದ ಇಣುಕಿದರೆ ಡಾಕ್ಟರಮ್ಮನ ಕಾರು ಆಗಲೇ ಬೀದಿಯ ತಿರುವು ದಾಟುತ್ತಿತ್ತು. ಮಾಸ್ಟರನ್ನು ಹತ್ತು ಹೆಜ್ಜೆ ನಡೆಸುವಾಗ ಎಣಿಕೆ ತಪ್ಪಿ ಹದಿನಾಲ್ಕು ನಡೆಸಿದಳು.

ಮಧ್ಯಾಹ್ನ ಫೋನು ಬಂತು. ಆಫೀಸಿನ ಮೇಡಂ.

“ಡಾಕ್ಟರಮ್ಮ ಫೋನ್ ಮಾಡಿದ್ರು.”

“ಮೇಡಂ, ತಪ್ಪಾಯ್ತು, ನನಗೆ ನಿಜವಾಗ್ಲೂ ಗೊತ್ತಿರಲಿಲ್ಲ...”

“ಎಂಥಾ ತಪ್ಪು? ಹೊಗಳಿದ್ದೇ ಹೊಗಳಿದ್ದು! ಮೂವತ್ತು ವರ್ಷದ ಸರ್ವೀಸಲ್ಲಿ ಅವರನ್ನ ಬಾಗಿಲಲ್ಲೇ ತಡೆದ ನರ್ಸ್ ನೀನೊಬ್ಬಳೇ ಅಂತೆ. ಪೇಶೆಂಟ್ ಅಂದ್ರೆ ಹೀಗೆ ಕಾಯಬೇಕು ಅಂದ್ರು. ಅವರ ಮಾವನಿಗೂ ಸೊಂಟದ ಆಪರೇಷನ್ ಆಗಿದೆ. ನೀನೇ ಬೇಕು ಅಂತ ಹಟ ಹಿಡಿದಿದ್ದಾರೆ. ಪೋಸ್ಟ್ ಮಾಸ್ಟರಿಗೆ ಬೇರೆಯವರನ್ನ ಕಳಿಸ್ತೀನಿ. ನಾಳೆ ಎಂಟಕ್ಕೆ ಅಲ್ಲಿರು.”

ಸಿಸ್ಟರ್ ಕಣ್ಣಲ್ಲಿ ನೀರು ತುಂಬಿತು. “ತುಂಬಾ ಥ್ಯಾಂಕ್ಸ್ ಮೇಡಂ. ಇಲ್ಲಿ ಈ ಅಕ್ಕಪಕ್ಕದವರ ಕಾಟ ತಡೆಯೋಕಾಗಲ್ಲ.”

“ಅಲ್ಲಿ ಅಕ್ಕಪಕ್ಕದವರು ಹೊಸಿಲೂ ತುಳಿಯಲ್ಲ. ಆದ್ರೆ ಒಂದು ತಿಂಗಳಲ್ಲಿ ನಾಲ್ಕು ನರ್ಸ್ ಓಡಿಹೋಗಿದ್ದಾರೆ, ನೀನು ಮಾತ್ರ ಓಡಬೇಡ.”

“ಯಾಕೆ ಮೇಡಂ? ಏನಿದೆ ಆ ಮನೇಲಿ?”

“ಏನಿಲ್ಲ. ಏಳು ಜನ ಇದ್ದಾರೆ. ಪೇಶೆಂಟೂ ಸೇರಿ ಏಳೂ ಜನ ಡಾಕ್ಟರೇ.”