ಮೇ ಹೂವಿನ ಕುಂಡದಲ್ಲಿ ಬಿಡಾರ ಹೂಡಿರುವ ಉಳ್ಳಾಗಡ್ಡಿಯವರಿಗೆ

ನಮ್ಮ ಅಂಗಳದ ಸಿಮೆಂಟ್ ಕುಂಡದ ಹಾಲಿ ನಿವಾಸಿಗಳಾದ ಮಾನ್ಯ ಉಳ್ಳಾಗಡ್ಡಿಯವರೇ,

ತಮ್ಮ ಪಾದಗಳಿಗೆ, ಅಂದರೆ ಬೇರುಗಳಿಗೆ, ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಭಗವಂತ ಎಂಬ ಬಡಪಾಯಿಯ ಅನಂತ ನಮಸ್ಕಾರಗಳು. ಈ ಸುಡು ಬಿಸಿಲಿನಲ್ಲಿಯೂ ತಾವು ಕ್ಷೇಮವಾಗಿರುವಿರಾ ಎಂದು ನಾನು ಕೇಳಬೇಕಾಗಿಲ್ಲ, ಏಕೆಂದರೆ ನಾಲ್ಕು ದಿನಕ್ಕೊಮ್ಮೆ ಬರುವ ನಳದ ನೀರಿನಲ್ಲಿ ಮೊದಲ ತಂಬಿಗೆ ತಮಗೆ, ಉಳಿದದ್ದು ಮನೆಯವರಿಗೆ ಎಂಬ ಪದ್ಧತಿ ಹಾಕಿದವನು ನಾನೇ. ತಮ್ಮ ನೆತ್ತಿ ಕಾಯದಿರಲೆಂದು ಎಂಐಡಿಸಿಯ ನಮ್ಮ ಕಾರ್ಖಾನೆಯಿಂದ ತಂದ ಹೊಸ ಟವೆಲನ್ನು ನಾಲ್ಕು ಕೋಲಿಗೆ ಕಟ್ಟಿ ಚಪ್ಪರ ಹಾಕಿದ್ದೇನೆ. ನಾನು ಮಾತ್ರ ಇಂದಿಗೂ ಹರಕು ಟವೆಲಿನಲ್ಲೇ ಮೈ ಒರೆಸಿಕೊಳ್ಳುತ್ತೇನೆ.

ಆದರೆ ಮಾನ್ಯರೇ, ಈ ಉಪಚಾರವೆಲ್ಲ ತಮಗಾಗಿ ಇರಲಿಲ್ಲ. ಆ ಕುಂಡ ಮೇ ಹೂವಿನ ಗಡ್ಡೆಯದು. ವರ್ಷವಿಡೀ ಮಣ್ಣೊಳಗೆ ಮಲಗಿದ್ದು, ಮೇ ತಿಂಗಳಲ್ಲಿ ಎಂಟೇ ದಿನ ಕೆಂಪು ಚೆಂಡಿನಂತೆ ಅರಳಿ, ಮತ್ತೆ ಎಲೆಗಳಿಗೆ ಜಾಗ ಬಿಟ್ಟು ಹೋಗುವ ಸಂಭಾವಿತ ಹೂ ಅದು. ನನ್ನ ಹೆಂಡತಿ ಹಿರಾಬಾಯಿಯ ತವರು ನಾಗಣಸೂರ. ಅಲ್ಲಿ ಅವಳ ಅವ್ವನ ಬಚ್ಚಲ ಕಲ್ಲಿನ ಪಕ್ಕದಲ್ಲಿ ಆ ಗಡ್ಡೆ ಇತ್ತು. ಅದು ಅರಳಿದ ದಿನ ಅವ್ವ ತಪ್ಪದೆ ಫೋನ್ ಮಾಡಿ "ಹೂ ಬಂದದ, ಬಾ" ಎನ್ನುತ್ತಿದ್ದರು, ಇವಳು ಚೀಲ ಹಿಡಿದು ಬಸ್ಸು ಹತ್ತುತ್ತಿದ್ದಳು. ಅವ್ವ ತೀರಿಕೊಂಡ ಮೇಲೆ ಅವಳು ತವರಿನಿಂದ ಬೇರೇನೂ ಕೇಳಲಿಲ್ಲ. ಗಡ್ಡೆಯೊಂದನ್ನು ಅಗೆದು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು.

ಇಲ್ಲಿ ಅದು ಯಾರ ಸಹಾಯವನ್ನೂ ಕೇಳದೆ ಮೂರು ವರ್ಷ ಅರಳಿತು. ನನ್ನಿಂದ ಅದನ್ನು ನೋಡುತ್ತ ಸುಮ್ಮನಿರಲಾಗಲಿಲ್ಲ. ಕಳೆದ ದೀಪಾವಳಿಯ ನಂತರ ಮೊಬೈಲಿನಲ್ಲಿ ಒಬ್ಬ ಸ್ವೆಟರ್ ತೊಟ್ಟ ವಿದೇಶಿ ಗೃಹಸ್ಥರು, ಚಳಿಗೆ ಬಾಯಿಂದ ಹೊಗೆ ಬಿಡುತ್ತ, ಹಿಮ ಬೀಳುವ ಮೊದಲು ಗಡ್ಡೆಗಳನ್ನು ಅಗೆದು ಗಾಳಿಯಾಡುವ ಬುಟ್ಟಿಯಲ್ಲಿ ವಿಶ್ರಾಂತಿಗೆ ಇಡಬೇಕೆಂದು ತೋರಿಸಿದರು. ಸೊಲ್ಲಾಪುರದಲ್ಲಿ ಹಿಮ ಬೀಳುವ ಸಂಭವ ಎಷ್ಟೆಂದು ನಾನು ವಿಚಾರಿಸಲು ಹೋಗಲಿಲ್ಲ. ಅಗೆದೆ, ಒರೆಸಿದೆ, ಬುಟ್ಟಿಯಲ್ಲಿಟ್ಟೆ. ನಮ್ಮ ಮನೆಯಲ್ಲಿ ಗಾಳಿಯಾಡುವ ಬುಟ್ಟಿ ಇರುವುದು ಒಂದೇ, ಅದರಲ್ಲಿ ತಾವು ಸಕುಟುಂಬ ವಾಸವಾಗಿದ್ದಿರಿ.

ಸಂಕ್ರಾಂತಿಯ ಮರುದಿನ ನಾನು ಆ ಬುಟ್ಟಿಯೊಳಗೆ ಕೈ ಹಾಕಿ, ಎಲ್ಲರಿಗಿಂತ ದುಂಡಗೆ ಗಂಭೀರವಾಗಿ ಕಂಡ ತಮ್ಮನ್ನು ಎತ್ತಿ ಕುಂಡಕ್ಕೆ ಬರಮಾಡಿಕೊಂಡೆ. ಆಗ ತಾವು ಒಂದು ಮಾತು ಹೇಳಬಹುದಿತ್ತು. ಎಂಟನೆಯ ದಿನ ಹಿರಾಬಾಯಿ ಬಗ್ಗಿ ನೋಡಿ "ಏನ್ರಿ, ಇದು ಉಳ್ಳಾಗಡ್ಡಿ ಕಂಡಂಗ ಕಾಣ್ತದಲ್ರಿ" ಎಂದಾಗಲೂ ತಾವು ತುಟಿ ಬಿಚ್ಚಲಿಲ್ಲ. ಟವೆಲ್ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ತಪಾಸಣೆ ಮೇಜಿನ ಮುಂದೆ ನಿಂತು, ಒಂದು ಎಳೆ ತಪ್ಪಿದ್ದರೂ ಹಿಡಿಯುವ ಕಣ್ಣು ನನ್ನದು. ಹೊಲದವರಿಗೆ ಎಲ್ಲವೂ ಉಳ್ಳಾಗಡ್ಡಿಯಾಗಿಯೇ ಕಾಣುತ್ತದೆ ಎಂದು ಅವಳಿಗೆ ಬುದ್ಧಿ ಹೇಳಿದೆ. ತಮ್ಮ ಎಲೆಗಳು ಕೊಳವೆಯಂತೆ ಟೊಳ್ಳಾಗಿದ್ದವು, ಕೈಗೆ ಘಾಟು ಅಂಟುತ್ತಿತ್ತು. ಇದನ್ನೆಲ್ಲ ನಾನು ಗೊಬ್ಬರದ ಗುಣವೆಂದು ತಿಳಿದೆ.

ಏಪ್ರಿಲಿನಲ್ಲಿ ತಾವು ದಂಟು ಎತ್ತಿ ತುದಿಯಲ್ಲಿ ಗುಂಡಗೆ ಮೊಗ್ಗು ಹಿಡಿದಾಗ, ನಾನು ಓಣಿಯವರನ್ನೆಲ್ಲ ಚಹಾಕ್ಕೆ ಕರೆದೆ. ತಾವು ಎಲ್ಲರ ಸಮಕ್ಷಮ ಬೆಳ್ಳಗೆ ಅರಳಿದಿರಿ. ಪಕ್ಕದ ಮನೆಯ ಶಿವಶರಣಪ್ಪನವರು ಮೂಸಿ ನೋಡಿ "ಭಗವಂತರಾವ್, ಇದರ ಕೂಡ ಭಜಿ ಇದ್ರ ಚಲೋ ಇತ್ತರಿ" ಎಂದರು. ಎಲ್ಲರೂ ನಕ್ಕರು. ಹಿರಾಬಾಯಿ ಮಾತ್ರ ಒಳಗೆ ಹೋಗಿ ಬುಟ್ಟಿಯನ್ನು ನೆಲಕ್ಕೆ ಸುರುವಿ ಒಂದೊಂದನ್ನೇ ತಿರುಗಿಸಿ ನೋಡಿದಳು. ಅವ್ವನ ಗಡ್ಡೆ ಅದರಲ್ಲಿ ಇರಲಿಲ್ಲ. "ಸುಮ್ನಿರಲಾರ್ದ ಇರಿವಿ ಬಿಟ್ಕೊಂಡ್ರಿ" ಎಂದಷ್ಟೇ ಅಂದಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮಾನ್ಯರೇ, ಮುಂದಿನದು ತಮಗೆ ತಿಳಿದಿರಲಿಕ್ಕಿಲ್ಲ. ಹೋದ ವಾರ ಒಂದು ಮಳೆ ಬಿತ್ತಲ್ಲ, ಅದರ ಮೂರನೆಯ ಬೆಳಿಗ್ಗೆ ಗೋಡೆಯಾಚೆಯಿಂದ ಶಿವಶರಣಪ್ಪನವರ ಹೆಂಡತಿ, ಓಣಿಗೆಲ್ಲ ವೈನಿ, ಕೂಗಿದರು: "ಹಿರಾಬಾಯಿ, ಹೂ ಬಂದದ, ಬರ್ರಿ!" ಭಾಂಡೆ ತಿಕ್ಕುತ್ತಿದ್ದ ಹಿರಾಬಾಯಿಯ ಕೈ ನಿಂತುಹೋಯಿತು. ಡಿಸೆಂಬರಿನಲ್ಲಿ ವೈನಿ ನಮ್ಮಿಂದ ಎರಡು ಉಳ್ಳಾಗಡ್ಡಿ ಕಡ ಒಯ್ದಿದ್ದರಂತೆ. ಒಂದರ ಮೈಮೇಲೆ ಕೆಂಪು ಚುಕ್ಕೆ ಕಂಡು, ಕೆಟ್ಟಿದೆಯೆಂದು ನುಗ್ಗೆ ಗಿಡದ ಬುಡಕ್ಕೆ ಎಸೆದಿದ್ದರಂತೆ. ನೀರಿಲ್ಲ, ಚಪ್ಪರವಿಲ್ಲ, ಟವೆಲಿಲ್ಲ, ಅಲ್ಲಿ ಆ ಕೆಂಪು ಚೆಂಡು ನಿಂತಿತ್ತು. ಹಿರಾಬಾಯಿ ಸೀರೆ ಬದಲಿಸಿಕೊಂಡು, ತವರಿಗೆ ಹೊರಟವಳಂತೆ, ಒಂದು ಗೋಡೆಯಾಚೆಗೆ ಹೋದಳು.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹವಿಷ್ಟೇ. ಸರ್ಕಾರಗಳನ್ನೇ ಅಳಿಸಿದ ಮನೆತನದವರಾದ ತಾವು ಮನಸ್ಸು ಮಾಡಿದರೆ ಬರುವ ಮೇ ತಿಂಗಳಲ್ಲಿ ಎಂಟು ದಿನದ ಮಟ್ಟಿಗೆ ಕೆಂಪಾಗುವುದು ದೊಡ್ಡ ಮಾತಲ್ಲ; ಅದಾಗದಿದ್ದರೆ, ಇಷ್ಟು ದಿನ ಕುಡಿದ ನೀರನ್ನಾದರೂ ಹಿಂದಿರುಗಿಸುವ ಕೃಪೆಯಾಗಲಿ. ಎರಡೂ ಸಾಧ್ಯವಿಲ್ಲವೆಂದರೆ, ಮುಂದೆ ಯಾರಾದರೂ ತಮ್ಮನ್ನು ಹೂವೆಂದು ಎತ್ತಿಕೊಂಡಾಗ ದಯಮಾಡಿ ಒಮ್ಮೆ ಕೆಮ್ಮಬೇಕು.

ತಮ್ಮ ನೆರಳಿನ ಟವೆಲನ್ನು ಇಂದಿನಿಂದ ಹಿಂಪಡೆಯುತ್ತಿರುವ,
ತಮ್ಮ ವಿಶ್ವಾಸಿ,
ಭಗವಂತ

ವಿ.ಸೂ.: ಗಡ್ಡೆಯನ್ನು ಅಗೆದು ಮರಳಿ ನಮ್ಮ ಕುಂಡಕ್ಕೆ ತರಲೆಂದು ನಾನು ಕುರ್ಪಿ ಹಿಡಿದು ಹೊರಟಿದ್ದೆ. ಹಿರಾಬಾಯಿ ಅದನ್ನು ಕಸಿದುಕೊಂಡು, "ಅಲ್ಲೇ ಇರ್ಲಿ ಬಿಡ್ರಿ. ಇಲ್ಲಿ ತಂದ್ರ ಹೂ ಬಂದದ ಬಾ ಅಂತ ನನ್ನ ಕರಿಯೋರು ಯಾರದಾರ? ಮತ್ತ ಅಲ್ಲಿತನಾ ನಿಮ್ಮ ಕೈ ಮುಟ್ಟೂದಿಲ್ಲ" ಎಂದಳು. ಹೀಗಾಗಿ ಕುಂಡ ಖಾಲಿ ಮಾಡುವ ಅವಸರ ತಮಗಿಲ್ಲ. ನನಗೆ ನೋಡಿಕೊಳ್ಳಲು ಮನೆಯಲ್ಲಿ ಈಗ ಉಳಿದಿರುವುದು ತಾವೊಬ್ಬರೇ.