ತಂಗಿಯ ಸ್ವರ ಮತ್ತು ಬಸಳೆ ಬುಡದ ತಂತಿ

ಮನೆಗೆ ರೇಡಿಯೊ ತಂದ ಮನುಷ್ಯ ಮೊದಲು ಕಲಿಯುವುದು ಆಕಾಶ ನೋಡುವುದನ್ನು. ಸ್ವರ ಗಾಳಿಯಲ್ಲಿ ಬರುತ್ತದೆ ಎಂದ ಮೇಲೆ ಅದನ್ನು ಎತ್ತರದಲ್ಲೇ ಹಿಡಿಯಬೇಕಲ್ಲ? ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟ ನನ್ನ ತಲೆಗೆ ಹೊಳೆದದ್ದು ಇಷ್ಟೇ. ರೇಡಿಯೊ ಗೊರಗೊರ ಎಂದಾಗಲೆಲ್ಲ ಏರಿಯಲ್ ತಂತಿ ಕಟ್ಟಿದ ಬಿದಿರಿಗೆ ಇನ್ನೊಂದು ಬಿದಿರು ಕಟ್ಟಿದೆ. ಪಂಜದ ಪೇಟೆಯಿಂದಲೇ ನಮ್ಮ ಮನೆಯ ಗುರುತು ಸಿಗುವಂತಾಯಿತು; ಗೊರಗೊರ ಮಾತ್ರ ಹಾಗೆಯೇ ಉಳಿಯಿತು.

ನನ್ನ ಹಟಕ್ಕೆ ಕಾರಣವಿತ್ತು. ಮದುವೆಯಾಗಿ ಧಾರವಾಡಕ್ಕೆ ಹೋದ ತಂಗಿ ಸರಸು ಶನಿವಾರ ಸಂಜೆ ರೇಡಿಯೊದಲ್ಲಿ ನಮ್ಮ ಕಡೆಯ ಅಡಿಗೆಯ ಬಗ್ಗೆ ಮಾತಾಡುವವಳಿದ್ದಳು. ಅವಳ ಮನೆಯನ್ನು ಅಮ್ಮ ಇನ್ನೂ ಕಂಡಿರಲಿಲ್ಲ. ಕರೆದುಕೊಂಡು ಹೋಗಬೇಕಾದವನು ನಾನು. ಆದರೆ ಘಾಟಿಯ ಬಸ್ಸು ಹತ್ತಿದರೆ ಏರು ಶುರುವಾಗುವ ಗುಂಡ್ಯ ದಾಟುವ ಮೊದಲೇ ನನಗೆ ವಾಂತಿ. ಮೀಸೆ ಹೊತ್ತ ಗಂಡಸು ಇದನ್ನು ತಾಯಿಯ ಹತ್ತಿರ ಹೇಗೆ ಹೇಳುವುದು? ಕೆಲಸ ಉಂಟು, ಮಳೆ ಉಂಟು ಎಂದು ಮುಂದೂಡುತ್ತ ಬಂದಿದ್ದೆ. ಮಗಳನ್ನು ತೋರಿಸದಿದ್ದರೂ ಅವಳ ಸ್ವರವನ್ನಾದರೂ ಕೇಳಿಸಿದರೆ ನನ್ನ ಪಾಪ ಅರ್ಧವಾದರೂ ಕಳೆದೀತು ಎಂಬ ಆಸೆ.

ಪುತ್ತೂರಿಗೆ ಹೋಗಿ ರೇಡಿಯೊ ರಿಪೇರಿಯ ಹಸನಬ್ಬನನ್ನು ಕೇಳಿದೆ.

"ಬಿದಿರು ಇರ್ಲಿ ಮಾರಾಯ್ರೆ. ನೆಲಕ್ಕೆ ಇಳಿಯುವ ತಂತಿ ಎಲ್ಲಿ ಹುಗಿದಿದ್ದೀರಿ?"

"ಅಂಗಳದ ಕೊನೆಯಲ್ಲಿ, ಕೆಂಪು ಮುರಕಲ್ಲು ಕೊರೆದು."

"ಈ ಬೇಸಗೆಯಲ್ಲಿ ಒಣ ಮುರಕಲ್ಲಿಗೆ ಹುಗಿಯುದೂ ಒಂದೇ, ಕಪಾಟಿನಲ್ಲಿ ಇಡುದೂ ಒಂದೇ. ಒದ್ದೆ ಮಣ್ಣು ಬೇಕು. ಮಳೆಗಾಲದಲ್ಲಿ ಚಂದ ಕೇಳ್ತಿತ್ತಲ್ಲ?"

ಕೇಳುತ್ತಿತ್ತು. ಅದು ನನ್ನ ಬಿದಿರಿನ ಪ್ರತಾಪ ಎಂದುಕೊಂಡಿದ್ದೆ.

ಬೇಸಗೆಯಲ್ಲಿ ನಮ್ಮ ಮನೆಯ ಸುತ್ತ ಒದ್ದೆ ಇರುವ ಜಾಗ ಒಂದೇ, ಬಚ್ಚಲಿನ ನೀರು ಹರಿಯುವ ಬಸಳೆ ಚಪ್ಪರದ ಬುಡ. ಅಲ್ಲಿ ಸೊಂಟದಾಳ ತೋಡಿ, ತಂತಿ ಸುತ್ತಿದ ಕೊಳವೆ ನಿಲ್ಲಿಸಿ, ತೇವ ಹಿಡಿದಿಡಲು ಸುತ್ತ ಇದ್ದಿಲು ತುಂಬಿದೆ. ಬಸಳೆಯ ಅರ್ಧ ಬೇರು ಗುದ್ದಲಿಗೆ ಹೋಯಿತು.

"ಸರಸುವಿನ ಸ್ವರ ಬರ್ಲಿಕ್ಕೆ ನನ್ನ ಬಸಳೆ ಸಾಯ್ಬೇಕಾ?" ಎಂದು ಅಮ್ಮ ಗೊಣಗಿದಳು. ಆದರೂ ಶನಿವಾರ ತಾನೇ ಕೊಡಪಾನ ತಂದು ಆ ಬುಡಕ್ಕೆ ನೀರು ಹೊಯ್ದಳು.

ಸಂಜೆ ಗೊರಗೊರ ಇಲ್ಲ. ಸರಸು ನಮ್ಮ ಜಗಲಿಯಲ್ಲೇ ಕೂತು ಮಾತಾಡಿದ ಹಾಗಿತ್ತು. ನಾನು ಬೀಗುತ್ತ ಅಮ್ಮನ ಮುಖ ನೋಡಿದೆ. ಅವಳು ಹುಬ್ಬು ಗಂಟಿಕ್ಕಿ ಪೆಟ್ಟಿಗೆಗೆ ಕಿವಿ ತಾಗಿಸಿದ್ದಳು.

"ಅವಳಿಗೆ ಮೂಗು ಕಟ್ಟಿದೆ."

"ರೇಡಿಯೊದಲ್ಲಿ ಹಾಗೆ ಕೇಳುದಮ್ಮ."

"ರೇಡಿಯೊಕ್ಕೆ ಶೀತ ಆಗ್ತದಾ? ಎದೆಯಲ್ಲಿ ಕಫ ಕೂಡ ಉಂಟು, ಸರಿಯಾಗಿ ಕೇಳು. ನಾಳೆಯೇ ಹೊರಡುವ. ಕಷಾಯ ನಾನೇ ಮಾಡಿ ಕೊಡ್ಬೇಕು."

ಒಣ ಮುರಕಲ್ಲಿನಲ್ಲೇ ತಂತಿ ಬಿಟ್ಟಿದ್ದರೆ ಆ ಕಫ ಗೊರಗೊರದೊಳಗೆ ಅಡಗಿಹೋಗುತ್ತಿತ್ತು. ಈಗ ಯಾವ ನೆಪವೂ ಉಳಿಯಲಿಲ್ಲ.

ಮರುದಿನ ನಾನು ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿದ್ದೆ. ಅಮ್ಮ ಬೆನ್ನು ಉಜ್ಜುತ್ತ ಕೇಳಿದಳು, "ಇಷ್ಟು ವರ್ಷ ಇದಕ್ಕೇನಾ? ಹೇಳಿದ್ರೆ ಒಂದು ಲಿಂಬೆಹಣ್ಣು ತರ್ತಿದ್ದೆನಲ್ಲ ಮಗಾ."